ಗಂಜಿ ಹಚ್ಚಿದ ಸೋಸುಬಟ್ಟೆ

ಮಾಘ ಶುದ್ಧ ಪಂಚಮಿ, ಗುರುವಾರ

ಇವತ್ತು ಭಾವ ನನ್ನನ್ನು ಒಂದು ಮಾತೂ ಕೇಳದೆ ಮಕ್ಕಳ ಮುಂದೆ ನನ್ನ ಹೆಸರು ಹೇಳಿಬಿಟ್ಟರು. ಶಾಲೆ ನಡೆಯುವುದು ಅಕ್ಕ-ಭಾವನ ಈ ಮನೆಯ ಪಡಸಾಲೆಯಲ್ಲೇ. ಒಳಗೆ ರೊಟ್ಟಿ ಬಡಿಯುತ್ತಿದ್ದ ನನಗೆ ಎಲ್ಲವೂ ಕೇಳಿಸಿತು.

ಭಾವ ನಿನ್ನೆ ಮಕ್ತಲ್‌ನಲ್ಲಿ ಮಾಸ್ತರುಗಳ ಸಭೆ ಮುಗಿಸಿ ಬಂದಿದ್ದಾರೆ. ಅಲ್ಲಿ ದವಾಖಾನೆಯ ಡಾಕ್ಟರರು ನಾರುಹುಣ್ಣಿನ ಬಗ್ಗೆ ಹೇಳಿದರಂತೆ. ಈ ಊರಿನಲ್ಲಿ ಬೇಸಿಗೆ ಬಂತೆಂದರೆ ಮನೆಗೊಬ್ಬರ ಕಾಲಿನಿಂದ ನಾರು ಹೊರಡುತ್ತದೆ. ಬಿಳಿ ದಾರದಂಥ ಹುಳ, ಮೊಳಕ್ಕಿಂತ ಉದ್ದ. ದಿನಕ್ಕೆ ಬೆರಳಗಲದಂತೆ ಕಡ್ಡಿಗೆ ಸುತ್ತಿ ಸುತ್ತಿ ತೆಗೆಯಬೇಕು. ನಡುವೆ ಹರಿದರೆ ಕಾಲು ಹೋದಂತೆಯೇ. ಅದು ಹೊರಬರುವುದು ಕಾಲಿನಿಂದ, ಒಳಹೋಗುವುದು ಬಾಯಿಂದ ಎಂದು ಭಾವ ಮಕ್ಕಳಿಗೆ ಹೇಳಿದರು. ಮೆಟ್ಟಿಲ ಬಾವಿಯ ನೀರಿನಲ್ಲಿ ಸಾಸಿವೆಗಿಂತ ಸಣ್ಣ ಹುಳಗಳಿವೆ, ಅವುಗಳ ಹೊಟ್ಟೆಯಲ್ಲಿ ನಾರಿನ ಮರಿ. ಈ ವರ್ಷ ಕುಡಿದದ್ದು ಬರುವ ವರ್ಷ ಕಾಲಿನಲ್ಲಿ ಕಾಣುತ್ತದೆ. ದಟ್ಟ ಬಟ್ಟೆಯಲ್ಲಿ ಸೋಸಿ ಕುಡಿದವರಿಗೆ ಬರುವುದಿಲ್ಲ.

ಶಾಲೆಗಳ ತನಿಖೆ ಮಾಡುವ ಮೊಹತಮೀಮ್ ಸಾಹೇಬರು ಫಾಲ್ಗುಣದಲ್ಲಿ ಊರೂರು ಸುತ್ತುವ ದೌರಾ ಬರುತ್ತಾರೆ. ಮಕ್ಕಳು ಒಂದು ಕೈಕೆಲಸ ಕಲಿತಿರಬೇಕು, ಊರಿಗೆ ಒಂದು ಸೇವೆ ಮಾಡಿರಬೇಕು. ಸಾಹೇಬರು ಮೆಚ್ಚಿದರೆ ಭಾವ ಸ್ವಂತ ನಡೆಸುವ ಈ ಖಾನಗಿ ಶಾಲೆ ಸರ್ಕಾರಿ ಶಾಲೆಯಾಗುತ್ತದೆ.

“ಎರಡೂ ಒಂದೇ ಕೆಲಸದಾಗ ಆಗ್ತಾವ,” ಎಂದರು ಭಾವ. “ಸೋಸೋ ಬಟ್ಟಿ ನೇಯೋಣ. ಊರಾಗ ಅರವತ್ತೆರಡು ಮನಿ ಅದಾವ, ಮನಿಗೊಂದು. ನಮ್ಮ ಶೇಖಮ್ಮ ನಾರಾಯಣಪೇಟಿ ನೇಕಾರರ ಮಗಳು, ಆಕಿ ಕಲಸ್ತಾಳ. ಏನಂತೀ ಶೇಖಮ್ಮ?”

ನಮ್ಮ ಮನೆಯಲ್ಲಿ ಮಗ್ಗದ ಮೇಲೆ ಕೂಡುವವರು ಗಂಡಸರು. ನೂಲು ಸುತ್ತುವುದು, ಗಂಜಿ ಹಾಕುವುದು ಹೆಂಗಸರ ಪಾಲು. ಅಪ್ಪ ಸಂತೆಗೆ ಹೋದಾಗ ಕದ್ದು ಕೂತು ನೇಯ್ದದ್ದಷ್ಟೇ ನನ್ನ ವಿದ್ಯೆ. ಅದನ್ನು ಹೇಳಬೇಕೆಂದರೆ ಇಪ್ಪತ್ಮೂರು ಮಕ್ಕಳಿಗೆ ಕೇಳಿಸುವಂತೆ ಮಾತಾಡಬೇಕು. “ಹ್ಞೂಂ” ಅನ್ನಲು ಬಾಯಿ ತೆರೆಯುವುದೂ ಬೇಕಿರಲಿಲ್ಲ.

ಹ್ಞೂಂ ಅಂದೆ.

ಮಾಘ ಶುದ್ಧ ದಶಮಿ, ಮಂಗಳವಾರ

ಅಪ್ಪ ತನ್ನ ಹಳೆಯ ಸಣ್ಣ ಮಗ್ಗವನ್ನೂ ನೂಲನ್ನೂ ಗಾಡಿಯಲ್ಲಿ ಕಳಿಸಿದ. ನಾನು ಇಲ್ಲಿಗೆ ಬಂದದ್ದು ಬಸುರಿ ಅಕ್ಕನಿಗೆ ಕೈನೆರವಾಗಲೆಂದು. ನಮ್ಮ ಯಜಮಾನರು ಗದ್ವಾಲಿನಲ್ಲಿ ಒಬ್ಬರ ಮಗ್ಗದಲ್ಲಿ ನೇಯುತ್ತಾರೆ. ಮನೆ ಸಿಕ್ಕ ಮೇಲೆ ಕರೆದುಕೊಂಡು ಹೋಗುತ್ತಾರೆ. ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡು ದಿನ ಕಳೆಯಬಹುದು ಎಂದುಕೊಂಡಿದ್ದೆ.

ಮಕ್ಕಳ ಮುಂದೆ ಗಂಟಲೇ ಹೊರಡಲಿಲ್ಲ. ಒಂಬತ್ತು ವರ್ಷದ ಆಶಮ್ಮ ಹತ್ತಿರ ಬಂದು ಕಿವಿ ಕೊಟ್ಟಳು. ನಾನು ಪಿಸುಗುಟ್ಟಿದ್ದನ್ನು ಅವಳು ಊರಿಗೆ ಕೇಳುವಂತೆ ಕೂಗಿದಳು.

“ಉದ್ದಕ ಇರೋದು ಹಾಸು! ಅಡ್ಡ ಹೋಗೋದು ಹೊಕ್ಕು! ಈ ಬಾಚಣಿಕಿಯಂಥ ಹಣಿಗಿಯ ಒಂದೊಂದು ಸಂದ್ಯಾಗ ಎರಡೆರಡು ಎಳಿ ಹಾಕಬೇಕಂತ ಅಕ್ಕ ಹೇಳ್ತಾಳ!”

“ನಿಮ್ಮಕ್ಕ ಮೂಕಿ ಏನಲೇ?” ಎಂದ ಹಿಂದಿನ ಸಾಲಿನ ಬಾಲಯ್ಯ.

“ನಿನ್ನಂಥವರ ಕೂಡ ಮಾತಾಡಂಗಿಲ್ಲ ಅಷ್ಟ,” ಎಂದಳು ಆಶಮ್ಮ.

ಲಾಳಿ ಎಸೆಯಲು ಹೋಗಿ ಬಾಲಯ್ಯ ಅದನ್ನು ಭಾವನ ರುಮಾಲಿಗೆ ಹೊಡೆದ. ಸಂಜೆಗೆ ನಾಲ್ಕು ಬೆರಳು ಬಟ್ಟೆ ಆಗಿತ್ತು. ಆಶಮ್ಮ ಅದನ್ನು ಕೆನ್ನೆಗೆ ಒತ್ತಿಕೊಂಡು ನೋಡಿದಳು.

ಮಾಘ ಹುಣ್ಣಿಮೆ, ಭಾನುವಾರ

ಬಟ್ಟೆ ಆಗುವವರೆಗೆ ಊರವರು ಹಳೆ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಸೋಸಲಿ ಎಂದು ಭಾವ ಹೇಳಿದ್ದಾರೆ. ಮಕ್ಕಳು ಬೆಳಿಗ್ಗೆ ಪಾಳಿ ಹಚ್ಚಿ ಬಾವಿಯ ಮೆಟ್ಟಿಲ ಮೇಲೆ ನಿಲ್ಲುತ್ತಾರೆ. ನೀರಿಗೆ ಹೋದಾಗ ನೋಡಿದೆ. ಆಶಮ್ಮ ತನ್ನ ಅಜ್ಜಿ, ಕುರುಬರ ಪೋಚಮ್ಮನನ್ನೇ ತಡೆದು ನಿಲ್ಲಿಸಿದ್ದಳು.

“ಏಮೇ ಪಿಲ್ಲಾ, ಗಂಗವ್ವಗ ಜರಡಿ ಹಿಡೀತಿಯೇನು?” ಎಂದು ಪೋಚಮ್ಮ ತೆಲುಗು ಬೆರೆಸಿ ಬೈದಳು. “ಮೂರು ಸಲ ನಾರು ತಗದೀನಿ ಈ ಕಾಲಾಗ. ಹಣ್ಯಾಗ ಬರದದ್ದು ಬರ್ತೈತಿ.”

“ಹಣಿಗೆ ಬರದದ್ದು ಕಾಲಿಗೆ ಹೆಂಗ ಬಂತಬೇ ಅಜ್ಜಿ?”

ಹೆಂಗಸರೆಲ್ಲ ನಕ್ಕರು. ಬಾಲಯ್ಯನ ಅಪ್ಪ ಆದೆಪ್ಪ ದಂಡೆಯ ಮೇಲೆ ಕಾಲು ಚಾಚಿ ಕೂತಿದ್ದ. ಹಿಮ್ಮಡಿಯ ಮೇಲೆ ನಾರು ಸುತ್ತಿದ ಕಡ್ಡಿ. ಹೊಲಕ್ಕೆ ಹೋಗಿ ಹನ್ನೆರಡು ದಿನವಾಯಿತಂತೆ. “ನಾನೂ ನೇಕಾರ ಆಗೀನಿ ನೋಡ್ರಿ, ದಿನಾ ನೂಲು ಸುತ್ತೋದ ಕೆಲಸ,” ಎಂದ. ನಗಲು ಹೋದವನು ಮುಖ ಹಿಂಡಿಕೊಂಡ.

ಕೊನೆಗೆ ಪೋಚಮ್ಮ ಸೆರಗನ್ನೇ ಮಡಿಸಿ ಕೊಡದ ಬಾಯಿಗೆ ಹಿಡಿದಳು. ಈ ಮಕ್ಕಳಿಗೆ ಇರುವ ಧೈರ್ಯದಲ್ಲಿ ಕಾಲು ಪಾಲು ನನಗಿಲ್ಲ.

ಮಾಘ ಬಹುಳ ಅಷ್ಟಮಿ, ಸೋಮವಾರ

ಹದಿನಾಲ್ಕು ಬಟ್ಟೆ ಆಗಿವೆ. ನೂಲು ಅರ್ಧಕ್ಕಿಂತ ಕೆಳಗೆ ಬಂದಿದೆ. ಸಾಹೇಬರು ಬರಲು ಹತ್ತು ದಿನ.

ಮಧ್ಯಾಹ್ನ ಭಾವ ಊಟಕ್ಕೆ ಕೂತಾಗ, “ಮನಿಗೊಂದು ಬಟ್ಟಿ ಅಂತ ಸಾಹೇಬರಿಗೆ ಬರದು ಹಾಕೀನಿ. ಆಗ್ತೈತಲ್ಲ ಶೇಖಮ್ಮ?” ಎಂದರು.

ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಭಾವ ನನ್ನ ಕಡೆ ನೋಡುತ್ತಲೂ ಇರಲಿಲ್ಲ, ತಟ್ಟೆ ನೋಡುತ್ತಿದ್ದರು. ಹೇಳುವುದು ಎಷ್ಟು ಸುಲಭವಿತ್ತು.

“ಆಗ್ತೈತ್ರಿ,” ಎಂದೆ.

ಅಪ್ಪ ಸಂತೆಗೆಂದು ನೇಯುವ ಪಂಚೆಗಳಿಗೆ ಒಂದು ಉಪಾಯ ಮಾಡುತ್ತಿದ್ದ. ಹಣಿಗೆಯ ಸಂದಿಗೆ ಎರಡರ ಬದಲು ಒಂದೇ ಎಳೆ. ಹೊಕ್ಕನ್ನೂ ಒತ್ತಿ ಬಡಿಯುವುದಿಲ್ಲ. ಆಮೇಲೆ ಮಂದ ಗಂಜಿ ಹಾಕಿ ನುಣುಪುಗಲ್ಲಿನಿಂದ ತಿಕ್ಕಿದರೆ ಸಂದುಗಳೆಲ್ಲ ಮುಚ್ಚಿ ಬಟ್ಟೆ ಹಲಗೆಯಂತೆ ನಿಲ್ಲುತ್ತದೆ. “ಗಂಜಿ ಇರೋತನಕ ಪಂಚಿ, ಆಮ್ಯಾಗ ಮೀನ ಹಿಡಿಯೋ ಬಲಿ,” ಎಂದು ಅಪ್ಪ ನಗುತ್ತಿದ್ದ. ಆ ನಗು ಕೇಳಿದಾಗಲೆಲ್ಲ ನಾನು ಎದ್ದು ಒಳಗೆ ಹೋಗುತ್ತಿದ್ದೆ.

ಮಕ್ಕಳು ಮನೆಗೆ ಹೋದ ಮೇಲೆ ಹೊಸ ಹಾಸು ಹೂಡಿದೆ. ಸಂದಿಗೆ ಒಂದೊಂದೇ ಎಳೆ ಹಾಕಿದೆ. ಬಹಳ ಬೇಗ ಮುಗಿಯಿತು. ನಾಳೆ ಮಕ್ಕಳು ಇದರ ಮೇಲೇ ನೇಯುತ್ತಾರೆ, ಒತ್ತಿ ಬಡಿಯಬೇಡಿ ಎಂದರೆ ಸಾಕು.

ಮಾಘ ಬಹುಳ ದ್ವಾದಶಿ, ಶುಕ್ರವಾರ

ಬುಧವಾರ ಅಕ್ಕನಿಗೆ ಗಂಡು ಹುಟ್ಟಿತು. ಇಬ್ಬರೂ ಚೆನ್ನಾಗಿದ್ದಾರೆ.

ಇವತ್ತು ಜುಮ್ಮಾ ರಜೆ, ಆದರೂ ಆಶಮ್ಮ ಬಂದಳು. ಹೊಸ ಬಟ್ಟೆಯೊಂದನ್ನು ಅಂಗಳದ ಬಿಸಿಲಿಗೆ ಎತ್ತಿ ಹಿಡಿದಳು.

“ಅಕ್ಕಾ, ಇದರಾಗ ಬೆಳಕ ಕಾಣ್ತೈತಿ. ಮೊದಲಿನದರಾಗ ಕಾಣ್ತಿದ್ದಿಲ್ಲ.”

“ಗಂಜಿ ಹಚ್ಚಿದ ಮ್ಯಾಲ ಮುಚ್ಚಿಕೊಳ್ತೈತಿ,” ಎಂದೆ.

ಅವಳು ತೋಳು ಏರಿಸಿ, “ಕೊಡು, ನಾ ಹಚ್ತೀನಿ. ಹೆಂಗ ತಿಕ್ಕಬೇಕು ತೋರಸು,” ಎಂದಳು.

ತೋರಿಸಿದೆ. ಕಲ್ಲನ್ನು ಹೇಗೆ ಹಿಡಿಯಬೇಕು, ಎಲ್ಲಿ ಗಂಜಿ ಮಂದವಾಗಿರಬೇಕು, ಎಲ್ಲವನ್ನೂ. ಇಷ್ಟು ದಿನದಲ್ಲಿ ನಾನು ತಡವರಿಸದೆ ಸರಿಯಾಗಿ ಕಲಿಸಿದ್ದು ಇದೊಂದೇ. ಹುಡುಗಿ ನನಗಿಂತ ಚೆನ್ನಾಗಿ ತಿಕ್ಕಿದಳು.

ಫಾಲ್ಗುಣ ಶುದ್ಧ ತದಿಗೆ, ಗುರುವಾರ

ಸಾಹೇಬರು ಬಂದು ಹೋದರು. ಒಳ್ಳೆಯ ಮನುಷ್ಯ. ಜಗುಲಿಯ ಮೇಲೆ ಮಕ್ಕಳ ಜೊತೆಗೇ ಕೂತರು. ಉರ್ದುವಿನಲ್ಲಿ ಕೇಳುತ್ತಿದ್ದರು, ಭಾವ ಕನ್ನಡದಲ್ಲಿ ಹೇಳುತ್ತಿದ್ದರು. ಬಟ್ಟೆಯೊಂದನ್ನು ಕೊಡದ ಬಾಯಿಗೆ ಕಟ್ಟಿಸಿ ತಾವೇ ಒಂದು ತಂಬಿಗೆ ನೀರು ಹೊಯ್ದರು. ಗಂಜಿ ಹೊಸದು. ನೀರು ಹನಿಹನಿಯಾಗಿ ಇಳಿಯಿತು. ಸಾಹೇಬರು ಕೈ ತಟ್ಟಿದರು.

ಬಟ್ಟೆ ಇಷ್ಟು ದಟ್ಟವಾಗಲು ಏನು ಮಾಡಿದಿ ಎಂದು ಆಶಮ್ಮನನ್ನು ಕೇಳಿದರು.

ನಾನು ಒಳಗೆ ಕಿಟಕಿಯ ಹತ್ತಿರ ಕೂಸು ಎತ್ತಿಕೊಂಡು ನಿಂತಿದ್ದೆ. ಆಶಮ್ಮ ತಿರುಗಿ ನನ್ನ ಮುಖ ನೋಡಿದಳು. ಆಮೇಲೆ ಸಾಹೇಬರ ಕಡೆ ತಿರುಗಿ, “ಗಟ್ಟಿಯಾಗಿ ಬಡೀಬೇಕ್ರಿ. ಒಂದೊಂದು ಎಳಿನೂ ಗಟ್ಟಿಯಾಗಿ ಬಡೀಬೇಕು,” ಎಂದಳು.

ಸಾಹೇಬರು ಅವಳ ತಲೆ ಸವರಿದರು.

ಹೋಗುವಾಗ ಅವಳು ಅಡುಗೆಮನೆಗೆ ಬಂದು ಹೇಳಿದಳು: “ಗಂಜಿದು ಹೇಳಲಿಲ್ಲಕ್ಕ. ಹೇಳಬಾರದು ಅಂತ ನಿನ್ನ ಮಾರಿ ನೋಡಿದ್ರ ತಿಳೀತು.”

ಫಾಲ್ಗುಣ ಶುದ್ಧ ಅಷ್ಟಮಿ, ಮಂಗಳವಾರ

ಶನಿವಾರ ಬಟ್ಟೆ ಹಂಚಿದರು. ಮಕ್ಕಳು ಎರಡು ಸಾಲಿನಲ್ಲಿ ಓಣಿ ಓಣಿಗೆ ಹೋದರು. ಹೆಂಗಸರು ಅರಿಶಿನ ಕುಂಕುಮ ಹಚ್ಚಿ ಬಟ್ಟೆ ತೆಗೆದುಕೊಂಡರಂತೆ.

ಇದನ್ನು ಬರೆಯಬಾರದೆಂದು ಮೂರು ದಿನ ತಡೆದೆ. ಹಂಚುವ ಮೊದಲು ನಾನು ಬುಟ್ಟಿಗೆ ಕೈ ಹಾಕಿ ಮೊದಲ ಹದಿನಾಲ್ಕರಲ್ಲಿ ಒಂದನ್ನು ತೆಗೆದು ನಮ್ಮ ನೀರಿನ ಕೋಣೆಯಲ್ಲಿ ಇಟ್ಟೆ. ಮನೆಯಲ್ಲಿ ಬಾಣಂತಿ ಇದ್ದಾಳೆ, ಅದಕ್ಕೆ, ಎಂದುಕೊಂಡೆ. ಬೇರೆ ಮನೆಗಳಲ್ಲಿ ಬಾಣಂತಿಯರಿಲ್ಲವೇ?

ಎರಡು ಮಡಿಕೆ ಮಾಡಿ ಸೋಸಿದರೆ ನಡೆದೀತು ಎಂದೂ ಅಂದುಕೊಂಡಿದ್ದೆ. ಹಾಗೆ ಮಾಡಿ ಎಂದು ಯಾರಿಗೂ ಹೇಳಲಿಲ್ಲ. ಹೇಳಿದರೆ ಯಾಕೆ ಎಂದು ಕೇಳುತ್ತಾರೆ.

ಫಾಲ್ಗುಣ ಶುದ್ಧ ದ್ವಾದಶಿ, ಶನಿವಾರ

ಬೆಣ್ಣೆ ಕೊಡಲು ಪೋಚಮ್ಮ ಬಂದಿದ್ದಳು. ದುಡ್ಡು ಬೇಡವೆಂದಳು.

“ಬಾಣಂತಿಗೆ ಕೊಡು. ನಮ್ಮ ಹುಡುಗೀಗೆ ವಿದ್ಯೆ ಕಲಿಸಿದಿ, ನಿನ್ನ ಕೈ ತಣ್ಣಗಿರಲಿ.” ಆಮೇಲೆ ಕೂತು, “ಬಟ್ಟಿ ಮೊದಮೊದಲು ಭಾಳ ಬಿರುಸಿತ್ತು. ಎರಡು ಸಲ ಒಗದ ಮ್ಯಾಲ ಎಷ್ಟು ಹಗುರ ಆಗೇತಿ ಅಂತಿ! ನೀರು ಝರ್ ಅಂತ ಇಳೀತೈತಿ. ಹಳೇ ಸೀರಿ ಮಡಿಕಿ ಹಿಡದು ನಿಂತು ನಿಂತು ಸೊಂಟ ಹೋಗಿತ್ತು. ಅದನ್ನ ಕೌದಿಗೆ ಹಾಕಿ ಹೊಲದುಬಿಟ್ಟೆ,” ಎಂದಳು.

ನಾನು ಬೆಣ್ಣೆಯ ಬಟ್ಟಲನ್ನು ಒಳಗಿಟ್ಟು ಬಂದೆ.

ಮಕ್ಕಳು ಮೆಟ್ಟಿಲ ಮೇಲೆ ನಿಂತು, ಬೈಸಿಕೊಂಡು, ಈ ಊರಿಗೆ ನಾಲ್ಕು ಮಡಿಕೆಯಲ್ಲಿ ಸೋಸುವುದನ್ನು ಕಲಿಸಿದ್ದರು. ನಾನು ಏನೂ ಮಾಡದೆ ಇದ್ದಿದ್ದರೆ ಊರು ಈಗ ಒಳ್ಳೆಯ ನೀರು ಕುಡಿಯುತ್ತಿತ್ತು.

ಹೋಳಿ ಹುಣ್ಣಿಮೆ, ಮಂಗಳವಾರ

ಊರೆಲ್ಲ ಬಣ್ಣ. ಹೊರಗೆ ಹೋಗಲಿಲ್ಲ. ಬಾಲಯ್ಯ ಕೆಂಪಾಗಿ ಬಂದು ನೀರು ಕೇಳಿದ. ನಮ್ಮ ಕೊಡದಿಂದ ಕೊಟ್ಟೆ. ಇನ್ನೊಂದು ತಂಬಿಗೆ ಬೇಕೇನೋ ಎಂದು ಕೇಳಿದೆ. ಮತ್ತೊಂದು ಕೊಟ್ಟೆ. ಹೊಟ್ಟೆ ಒಡೆಯುವವರೆಗೆ ಕುಡಿಸಿದರೂ ನಾಳೆ ಅವನು ತನ್ನ ಮನೆಯಲ್ಲೇ ಕುಡಿಯುತ್ತಾನೆ.

ಫಾಲ್ಗುಣ ಬಹುಳ ಬಿದಿಗೆ, ಗುರುವಾರ

ಭಾವನಿಗೆ ಹೇಳಿದೆ.

ಮುಖ ನೋಡಿ ಹೇಳಲಾಗಲಿಲ್ಲ. ಅವರು ಕೈ ತೊಳೆಯುತ್ತಿದ್ದಾಗ ಹಿಂದೆ ನಿಂತು ಹೇಳಿದೆ. ನೀರು ಹೊಯ್ದುಕೊಳ್ಳುತ್ತಿದ್ದ ಕೈ ನಿಂತಿತು.

“ಎಷ್ಟು ಬಟ್ಟಿ?”

“ನಲವತ್ತೆಂಟು.”

“ನನಗ ಆಗಂಗಿಲ್ಲ ಅಂತ ಒಂದು ಮಾತು ಹೇಳಿದ್ರ…” ಎಂದರು. ಮುಗಿಸಲಿಲ್ಲ. ಕೈ ಒರೆಸಿಕೊಂಡು, “ಶಾಲೀ ಮಂಜೂರಿ ಕಾಗದ ಇನ್ನ ಬಂದಿಲ್ಲ. ಒಂದು ಹದಿನೈದು ದಿನ ತಡಿ. ಬಂದ ಕೂಡಲೆ ನಾನ ಹೇಳ್ತೀನಿ,” ಎಂದರು.

ಭಾವ ಕೆಟ್ಟವರಲ್ಲ. ರಾಟೆಯಂತೆ ಹಗಲೆಲ್ಲ ದುಡಿದು ಆರು ವರ್ಷ ಈ ಶಾಲೆ ನಡೆಸಿದ್ದಾರೆ. ಅವರ ಬಾಯಿಂದ ಇಂಥ ಮಾತು ಬರುವಂತೆ ಮಾಡಿದವಳು ನಾನು. ಪಾತ್ರೆ ತಿಕ್ಕುವಾಗ ಹೊಳೆಯಿತು: ಹದಿನೈದು ದಿನ ಊರವರು ನೀರು ಕುಡಿಯದೆ ಇರುತ್ತಾರೆಯೇ?

ಫಾಲ್ಗುಣ ಬಹುಳ ತದಿಗೆ, ಶುಕ್ರವಾರ

ಬಾವಿಯಲ್ಲಿ ಹೆಂಗಸರು ತುಂಬಿರುವ ಹೊತ್ತು ನೋಡಿ ಹೋದೆ. ಹೇಳಿಬಿಡಬೇಕೆಂದು ಹೋದೆ. ಕೊಡ ತುಂಬಿಸಿದೆ, ಖಾಲಿ ಮಾಡಿದೆ, ಮತ್ತೆ ತುಂಬಿಸಿದೆ.

“ಯಾಕವ್ವ, ಕೊಡ ಸೋರತೈತೇನು?” ಎಂದು ಯಾರೋ ಕೇಳಿದರು.

“ಇಲ್ರಿ,” ಎಂದು ಬಂದುಬಿಟ್ಟೆ.

ಥೂ.

ಫಾಲ್ಗುಣ ಬಹುಳ ಚೌತಿ, ಶನಿವಾರ

ಮೊದಲು ಮಕ್ಕಳಿಗೆ ಹೇಳಿದೆ. ಅವರ ಕೆಲಸವನ್ನೇ ನಾನು ಕೆಡಿಸಿದ್ದು. ದೊಡ್ಡವರಿಗಿಂತ ಅವರು ಸಣ್ಣವರು, ಹೇಳುವುದು ಸುಲಭ ಎಂದೂ ಅಂದುಕೊಂಡಿದ್ದೆ. ಸುಲಭವಾಗಿರಲಿಲ್ಲ.

ಒಂದು ಪಾತ್ರೆಯಲ್ಲಿ ಬಿಸಿನೀರು ತಂದು ಪಡಸಾಲೆಯ ನಡುವೆ ಇಟ್ಟೆ. ಬೀಗ ಹಾಕಿದ್ದ ಮನೆಯೊಂದಕ್ಕೆ ಕೊಡದೆ ಉಳಿದಿದ್ದ ಗಂಜಿ ಬಟ್ಟೆಯನ್ನು ಅದರಲ್ಲಿ ಅದ್ದಿ, ಹಿಂಡಿ, ಎರಡು ಕೈಯಿಂದ ಚಾಚಿ ಹಿಡಿದೆ. ನೀರು ಹಾಲಿನಂತೆ ಬೆಳ್ಳಗಾಗಿತ್ತು.

“ಇದರಾಗಿಂದ ಎಂಕಪ್ಪನ ಮೂಗು ಕಾಣ್ತೈತಲೇ!” ಎಂದು ಬಾಲಯ್ಯ ಕುಣಿದ. ಮಕ್ಕಳು ನಕ್ಕರು. ಒಬ್ಬೊಬ್ಬರೇ ಬಂದು ಬಟ್ಟೆಯ ಆ ಕಡೆಯಿಂದ ಇಣುಕಿ ನೋಡಿದರು.

“ನಗಬ್ಯಾಡ್ರಿ,” ಎಂದೆ. “ನೂಲು ಸಾಲದಾಗ ನಾನು ಸಂದಿಗೆ ಒಂದ ಎಳಿ ಹಾಕಿದೆ. ಕಾಣಬಾರದು ಅಂತ ಗಂಜಿ ಹಚ್ಚಿಸಿದೆ. ಇದರಾಗ ಹುಳ ನಿಲ್ಲಂಗಿಲ್ಲ. ನಿಮ್ಮ ಮನ್ಯಾಗ ಇರೋದೂ ಇಂಥಾದ್ದ.”

ನಗು ನಿಂತಿತು. ಯಾವುದೋ ಸಣ್ಣ ಹುಡುಗ, “ಮತ್ತ ನಮ್ಮವ್ವ ಕುಡದಾಳಲ್ಲ?” ಎಂದ.

ಆಶಮ್ಮ ಎದ್ದು ನಿಂತಳು. “ಬೆಳಕ ಕಾಣ್ತೈತಿ ಅಂತ ನಾ ಹೇಳಿದ್ದೆ,” ಎಂದಳು. ಅಷ್ಟೇ ಹೇಳಿ ಪಾಟಿಚೀಲ ತೆಗೆದುಕೊಂಡು ಹೊರಟುಹೋದಳು.

ಭಾವ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ನನ್ನನ್ನು ತಡೆಯಲಿಲ್ಲ, ಬೈಯಲಿಲ್ಲ. ಸಂಜೆ ಮೊಹತಮೀಮ್ ಸಾಹೇಬರಿಗೆ ಕಾಗದ ಬರೆಯುತ್ತ ಕೂತಿದ್ದರು. ಮೂರು ಸಲ ಹರಿದು ಹಾಕಿ ನಾಲ್ಕನೆಯದನ್ನು ಟಪಾಲಿಗೆ ಕಳಿಸಿದರು.

ಫಾಲ್ಗುಣ ಬಹುಳ ದಶಮಿ, ಶುಕ್ರವಾರ

ಐದು ದಿನದಿಂದ ಮನೆ ಮನೆಗೆ ಹೋಗುತ್ತಿದ್ದೇನೆ. ಬುಟ್ಟಿ ಹೊತ್ತುಕೊಂಡು ಬಾಲಯ್ಯ ಮುಂದೆ. ಕೂಗಬೇಡ ಎಂದರೂ ಕೇಳುವುದಿಲ್ಲ. “ಬಲಿ ಬಟ್ಟಿ ವಾಪಸ್ ಕೊಡ್ರಿ! ಹಳೇ ಸೀರಿ ನಾಲ್ಕು ಮಡಿಕಿ ಮಾಡ್ರಿ!” ಎಂದು ಊರಿಗೆಲ್ಲ ಸಾರುತ್ತಾನೆ. ಹಾಗಾಗಿ ನಾನು ಬಾಗಿಲಿಗೆ ಹೋಗುವಷ್ಟರಲ್ಲಿ ಅವರಿಗೆ ತಿಳಿದಿರುತ್ತದೆ. ಆದರೂ ಪ್ರತಿ ಮನೆಯಲ್ಲೂ ಮೊದಲಿನಿಂದ ಹೇಳುತ್ತೇನೆ. ಹೇಳದಿದ್ದರೆ ಮಕ್ಕಳು ಮಾಡಿದ ತಪ್ಪು ಎಂದುಕೊಳ್ಳುತ್ತಾರೆ.

ಎಲ್ಲರೂ ಬೈದರೆ ಚೆನ್ನಾಗಿತ್ತು. ಕೆಲವರು, “ಹೋಗಲಿ ಬಿಡವ್ವ, ಕೂಡು, ಮಜ್ಜಿಗಿ ಕುಡಿ,” ಎನ್ನುತ್ತಾರೆ. ಆ ಮಜ್ಜಿಗೆ ಮುಟ್ಟದೆ ಮುಂದಿನ ಮನೆಗೆ ಹೋಗುತ್ತೇನೆ.

ಆದೆಪ್ಪನ ನಾರು ಪೂರ್ತಿ ಹೊರಬಂದಿದೆ. ಕಡ್ಡಿಯ ಸಮೇತ ಎತ್ತಿ ತೋರಿಸಿದ. “ನೋಡಬೇ ಮಾಸ್ತರ ನಾದಿನಿ, ನನ್ನ ಕಾಲಾಗಿನ ನೂಲು ನಿನ್ನ ನೂಲಿಗಿಂತ ಗಟ್ಟಿ ಐತಿ. ಮುಂದಿನ ವರ್ಷ ಊರಿನವರದೆಲ್ಲ ಕೂಡಿಸಿ ಒಂದು ಸೀರಿ ನೇಯಿ.” ಅವನ ಹೆಂಡತಿ ಅವನ ಬಾಯಿ ಮುಚ್ಚಿಸಲು ನೋಡಿದಳು. ನಾನು ಪೂರ್ತಿ ಕೇಳಿಸಿಕೊಂಡು, “ಬಟ್ಟಿ ಕೊಡ್ರಿ,” ಎಂದೆ. ಕೊಟ್ಟ.

ಪೋಚಮ್ಮನ ಮನೆಗೆ ಕೊನೆಗೆ ಹೋದೆ. ಆಶಮ್ಮ ನನ್ನನ್ನು ನೋಡಿ ಕುರಿಹಟ್ಟಿಯ ಹಿಂದೆ ಸರಿದಳು.

“ಕೊಡಂಗಿಲ್ಲ,” ಎಂದಳು ಪೋಚಮ್ಮ. “ನನ್ನ ಮೊಮ್ಮಗಳು ನೇದದ್ದು.”

“ಆಕಿದೇನೂ ತಪ್ಪಿಲ್ಲಮ್ಮ. ಹಂಗ ನೇಯಾಕ ಹೇಳಿದಾಕಿ ನಾನು.”

“ಗೊತ್ತೈತಿ. ನನ್ನ ಕೂಸಿನ ಕೈಲೆ ಸುಳ್ಳು ನೇಸಿದಿ. ಮುದುಕಿ ನಾನು, ಬರೋ ಬ್ಯಾಸಗಿತನಕ ಇರ್ತೀನೋ ಇಲ್ಲೋ, ನಾರು ಬಂದ್ರ ಬರಲಿ. ಆಕಿ ದೊಡ್ಡ ಸಾಹೇಬನ ಮುಂದ ನಿಂತು ನಿನಗಾಗಿ ಸುಳ್ಳು ಹೇಳ್ಯಾಳ. ಅದನ್ನ ಯಾ ಬಟ್ಟ್ಯಾಗ ಸೋಸ್ತಿ?”

ಬಾಲಯ್ಯ ಬುಟ್ಟಿ ಕೆಳಗಿಟ್ಟ. ಕೌದಿ ಬಿಚ್ಚಿ ಹಳೆ ಸೀರೆ ತೆಗೆದುಕೊಡಲೇ ಎಂದು ಕೇಳಿದೆ. ಪೋಚಮ್ಮ ಕೌದಿಯನ್ನು ನನ್ನ ಮುಂದೆ ಎಸೆದಳು. ಅಲ್ಲೇ ನೆಲದ ಮೇಲೆ ಕೂತು ಹೊಲಿಗೆ ಬಿಚ್ಚಿದೆ. ಹೊತ್ತು ಮುಳುಗುವವರೆಗೆ ಹಿಡಿಯಿತು. ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅವಳ ಕೊಡಕ್ಕೆ ಕಟ್ಟಿ ಬಂದೆ.

ಯುಗಾದಿ, ಬುಧವಾರ

ಸಾಹೇಬರ ಉತ್ತರ ಬಂದಿದೆ. ಈ ವರ್ಷ ಮಂಜೂರಿ ಇಲ್ಲ. ಬರುವ ವರ್ಷ ಮತ್ತೆ ನೋಡುತ್ತಾರಂತೆ. ಭಾವ ಕಾಗದ ಓದಿ ಮಡಿಸಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡರು. “ಬೇವು ತಿನ್ನೋ ದಿನಾನೇ ಬಂತು,” ಎಂದು ನಗಲು ನೋಡಿದರು. ಅಕ್ಕ ಎದ್ದು ಒಳಗೆ ಹೋದಳು. ಅವಳು ನನ್ನ ಜೊತೆ ಮಾತು ಬಿಟ್ಟು ಎಂಟು ದಿನವಾಯಿತು.

ಮರಳಿ ಬಂದ ಬಟ್ಟೆಗಳ ಹೊಕ್ಕನ್ನು ಮಕ್ಕಳು ಬಿಚ್ಚಿ ಸುತ್ತುತ್ತಿದ್ದಾರೆ. ಹಾಸಿನ ಎಳೆಗೆ ಬೇಕಾದ ಹೊಸ ನೂಲನ್ನು ಅಪ್ಪ ಕಳಿಸಿದ್ದಾನೆ. ಯಾಕೆ ಬೇಕೆಂದು ಅವನಿಗೂ ಬರೆದಿದ್ದೆ. ಅವನಿಂದ ಕಾಗದವಿಲ್ಲ, ನೂಲು ಮಾತ್ರ ಬಂದಿದೆ. ಒಳ್ಳೆಯ ನೂಲು.

ಮಧ್ಯಾಹ್ನ ಆಶಮ್ಮ ಬಂದಳು. ಅಜ್ಜಿಯ ಮನೆಯ ಬಟ್ಟೆಯನ್ನು ತಂದು ರಾಶಿಯ ಮೇಲೆ ಹಾಕಿ, ನನ್ನ ಕಡೆ ನೋಡದೆ ಮಗ್ಗದ ಹತ್ತಿರ ಕೂತಳು.

“ಸಂದಿಗೆ ಎರಡೆರಡು ಎಳಿ ಹಾಕು. ನಾ ಎಣಸ್ತೀನಿ,” ಎಂದಳು.

ನಾನು ಹಾಕಿದೆ, ಅವಳು ಎಣಿಸಿದಳು. ಒಂದು ಕಡೆ ತಪ್ಪಿದ್ದೆ. ಬಿಚ್ಚಿಸಿ ಮತ್ತೆ ಹಾಕಿಸಿದಳು. ಇಡೀ ಮಧ್ಯಾಹ್ನ ಒಮ್ಮೆಯೂ ಅಕ್ಕಾ ಎನ್ನಲಿಲ್ಲ.

ಚೈತ್ರ ಶುದ್ಧ ಪಂಚಮಿ, ಭಾನುವಾರ

ಗದ್ವಾಲಿನಿಂದ ನಮ್ಮವರು ಗಾಡಿ ತಂದಿದ್ದರು. ಎರಡು ಕೋಣೆಯ ಮನೆ ಸಿಕ್ಕಿದೆಯಂತೆ.

“ಅಕ್ಕನ ಬಾಣಂತನ ಮುಗೀತಲ್ಲ, ನಡಿ,” ಎಂದರು.

ಪಡಸಾಲೆಯಲ್ಲಿದ್ದ ಬಟ್ಟೆಯ ರಾಶಿಯನ್ನು ನೋಡಿದರು. ಒಂದನ್ನು ಬೆರಳಲ್ಲಿ ಹಿಡಿದ ಕೂಡಲೇ ಅವರಿಗೆ ತಿಳಿಯಿತು. ನೇಕಾರರಲ್ಲವೇ, ನಕ್ಕರು. “ಸಂತಿ ಬಟ್ಟಿ! ಇಷ್ಟಕ್ಕ ಊರೆಲ್ಲ ಬಾಯಿ ಬಡಕೊಂಡಿಯಂತಲ್ಲ? ಆದೆಪ್ಪ ದಾರ್ಯಾಗ ಸಿಕ್ಕು ಹೇಳಿದ. ನಮ್ಮ ಓಣ್ಯಾಗ ಇದನ್ನ ಮಾಡದವರು ಯಾರದಾರ ಹೇಳು.”

“ಅಲ್ಲಿ ಉಟ್ಟುಕೊಳ್ತಾರ. ಇಲ್ಲಿ ಕುಡೀತಾರ,” ಎಂದೆ.

ಅವರು ಬಟ್ಟೆ ಕೆಳಗಿಟ್ಟರು.

“ಸರಿ. ವಾಪಸ್ ತೊಗೊಂಡಿಯಲ್ಲ, ಹೊಸಾದು ಹುಡುಗರು ನೇಯ್ತಾರ. ಇನ್ನೇನು?”

“ಎರಡು ವಾರದ ಮ್ಯಾಲ ಆ ನೀರು ಕುಡದಾರ್ರಿ. ಬಾಲಯ್ಯ ಕುಡದಾನ, ಪೋಚಮ್ಮ ಕುಡದಾಳ. ಯಾರ ಕಾಲಾಗ ಬರ್ತೈತೋ ಬರೋ ಬ್ಯಾಸಗಿಗೆ ತಿಳೀತೈತಿ. ಆವಾಗ ಹರೀದಂಗ ಸುತ್ತಿ ತಗಿಯಾಕ ಕೈ ಬೇಕು. ನೂಲು ಸುತ್ತಿದ ಕೈ ನನ್ನದು.”

“ಬರೋ ಬ್ಯಾಸಗಿ?” ಎಂದರು. “ಒಂದು ವರ್ಷ ಶೇಖಮ್ಮ?”

“ಹ್ಞೂಂ. ಈ ಸಲ ಬರಂಗಿಲ್ರಿ.”

ಮದುವೆಯಾದ ಮೇಲೆ ಅವರಿಗೆ ನಾನು ಹೇಳಿದ ಅತಿ ಉದ್ದದ ಮಾತು ಇದೇ ಇರಬೇಕು. ಅಕ್ಕ ಒಳಗಿನಿಂದ ಬಂದು, “ಇವಳಿಗೆ ತಲಿ ಕೆಟ್ಟೈತಿ, ಎಳಕೊಂಡು ಹೋಗ್ರಿ,” ಎಂದಳು. ಕೊನೆಗೂ ಮಾತಾಡಿದಳಲ್ಲ. ಅವರು ಎಳೆಯಲಿಲ್ಲ. ಊಟ ಮಾಡಲಿಲ್ಲ. ಎತ್ತಿಗೆ ನೀರು ಕುಡಿಸಿ, ನೊಗ ಹೂಡಿ, ಹತ್ತುವ ಮೊದಲು ಒಮ್ಮೆ ನಿಂತರು. ನಾನು ಏನಾದರೂ ಹೇಳುತ್ತೇನೆ ಎಂದುಕೊಂಡರೋ ಏನೋ. ನಾನು ದಾರಿ ಬಿಟ್ಟು ಸರಿದು ನಿಂತೆ.

ಗಂಡನನ್ನು ಹಾಗೆ ಬಾಗಿಲಿನಿಂದಲೇ ಕಳಿಸಿದ ಹೆಂಡತಿಗೆ ಅಳುವಾದರೂ ಬರಬೇಕಿತ್ತು. ನನಗೆ ಹಸಿವಾಯಿತು. ತಿಂಗಳಿನಿಂದ ಹೀಗೆ ಹಸಿದಿರಲಿಲ್ಲ. ಅವರಿಗೆಂದು ಬಡಿದಿದ್ದ ರೊಟ್ಟಿಯಲ್ಲಿ ಮೂರು ತಿಂದೆ, ಪುಂಡಿಪಲ್ಲೆ ಪೂರ್ತಿ ಖಾಲಿ ಮಾಡಿದೆ. ಅದಕ್ಕೂ ನಾಚಿಕೆಯಾಯಿತು.